ದಾರ ಬಿಚ್ಚುವ ದಿನ

ಈ ಊರಿನಲ್ಲಿ ಮಗುವನ್ನು ಸಾಲೆಗೆ ಹಾಕುವಾಗ ವಯಸ್ಸು ಕೇಳುವುದಿಲ್ಲ. ದಾರ ಬಿಚ್ಚಿದರೆ ನಿಲ್ಲುತ್ತದೆಯೇ ಎಂದು ಕೇಳುತ್ತಾರೆ.

ಮದುವೆಯಾಗಿ ಬಂದ ದಿನ ಬಸ್ಸಿನ ಕಿಟಕಿಯಿಂದ ನನಗೆ ಮೊದಲು ಕಂಡದ್ದು ಒಬ್ಬ ಹೆಂಗಸು. ಕಂಕುಳಲ್ಲಿ ಕಾಯಿಪಲ್ಲೆಯ ಬುಟ್ಟಿ, ಮಣಿಕಟ್ಟಿಗೆ ಒಂದು ದಾರ. ದಾರದ ಆ ತುದಿಗೆ, ಬೇವಿನ ಗಿಡದ ಎತ್ತರದಲ್ಲಿ, ಒಂದು ಕೂಸು. ಕೂಸು ಬೆರಳು ಚೀಪುತ್ತ ಕೆಳಗೆ ನೋಡುತ್ತಿತ್ತು. ನಾನು ಗಂಡ ಬಸಲಿಂಗನ ಮುಖ ನೋಡಿದೆ. ಆತ, “ನಮ್ಮ ಓಣಿಯವರು” ಎಂದು ಹೇಳಿ ಆ ಹೆಂಗಸಿಗೆ ಕೈ ಬೀಸಿದ. ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಭೌತಶಾಸ್ತ್ರ. ಅದನ್ನು ಇಲ್ಲಿ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಇಲ್ಲಿಯ ಮನೆಗಳಲ್ಲಿ ಪ್ರತಿ ಬಾಗಿಲ ಚೌಕಟ್ಟಿಗೂ ಒಂದು ಕಬ್ಬಿಣದ ಬಳೆ ಇರುತ್ತದೆ, ದಾರ ಕಟ್ಟಲು. ತೊಲೆಗಳಿಗೆ ಹಳೆಯ ಕೌದಿ ಸುತ್ತಿರುತ್ತಾರೆ, ಮಕ್ಕಳ ತಲೆಗೆ ಪೆಟ್ಟಾಗಬಾರದೆಂದು. ಅಡಿಗೆಮನೆಯ ಮೂಲೆಯಲ್ಲಿ ಉದ್ದನೆಯ ದೋಟಿ ನಿಂತಿರುತ್ತದೆ. ಹಾಲು ಕುಡಿಸುವ ಹೊತ್ತಾದರೆ ಅಜ್ಜಿಯರು ಅದರ ಕೊಕ್ಕೆಯನ್ನು ಮಗುವಿನ ಉಡದಾರಕ್ಕೆ ಸಿಕ್ಕಿಸಿ ಹುಣಸೆಕಾಯಿ ಇಳಿಸಿದಂತೆ ಇಳಿಸಿಕೊಳ್ಳುತ್ತಾರೆ. ಮಕ್ಕಳು ನಿಧಾನವಾಗಿ ಭಾರವಾಗುತ್ತವೆ. ಮೊದಲು ತೊಲೆಯಿಂದ ಕೆಳಗಿಳಿಯುತ್ತವೆ, ಆಮೇಲೆ ಬಹಳ ದಿನ ತುದಿಗಾಲಿನ ಮೇಲೆ ತೂಗಾಡುತ್ತವೆ, ಒಂದು ದಿನ ಹಿಮ್ಮಡಿ ಊರುತ್ತವೆ. ಭಾರ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಮನೆಗೊಂದು ಮಾತಿದೆ. ಬೆಲ್ಲದಿಂದ ಎನ್ನುವವರಿದ್ದಾರೆ. ಬೆನ್ನಿಗೆ ತಮ್ಮ ಹುಟ್ಟಿದರೆ ಎನ್ನುವವರಿದ್ದಾರೆ. ಮೊದಲ ಸುಳ್ಳು ಹೇಳಿದಾಗ ಎಂದು ಒಬ್ಬರು. ನನ್ನ ಅತ್ತೆ ತಂಗೆವ್ವನವರನ್ನು ಕೇಳಿದರೆ, “ಬರೂ ಹೊತ್ತಿಗೆ ಬರ್ತೈತಿ, ಹಲ್ಲು ಬಂದಂಗ” ಎನ್ನುತ್ತಿದ್ದರು.

ಸಾಲೆ ದಿಬ್ಬದ ಮೇಲಿದೆ. ಅಂಗಳಕ್ಕೆ ಗೋಡೆಯಿಲ್ಲ. ನಡುವೆ ಒಂದು ಚಪ್ಪಡಿ ಕಲ್ಲು. ಆಷಾಢದ ಗಾಳಿ ಎದ್ದ ದಿನ ತಾಯಂದಿರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಾರೆ. ಪಾಠ ಹೇಳುವ ಅಕ್ಕೋರು ಮಗುವನ್ನು ಕಲ್ಲಿನ ಮೇಲೆ ನಿಲ್ಲಿಸಿ ಮೊದಲು ದಾರವನ್ನು ಸಡಿಲ ಬಿಡುತ್ತಾರೆ. ನಿಂತರೆ ಗಂಟು ಬಿಚ್ಚಿ ಗಂಟೆ ಹೊಡೆಯುತ್ತಾರೆ. ಗಂಟೆಯ ಗುಂಯ್ ಎನ್ನುವ ನಾದ ಅಡಗುವವರೆಗೆ ಹಿಮ್ಮಡಿ ಎತ್ತದೆ ನಿಂತ ಮಗು ಸಾಲೆಯ ಮಗು. ಸುತ್ತಲೂ ಹೆಂಗಸರು ದೋಟಿ ಹಿಡಿದು ನಿಂತಿರುತ್ತಾರೆ. ಮಗು ಒಂದಿಷ್ಟು ವಾಲಿದರೆ ಸಾಕು, ಹತ್ತು ಕೈ ಮುಂದೆ ಬರುತ್ತವೆ. ನಿಜವಾಗಿ ಮೇಲೆ ಹೋಗುತ್ತದೆಯೇ ಎಂದು ಯಾರೂ ಕಾದು ನೋಡುವುದಿಲ್ಲ.

ಮೋಸವೂ ಇದೆ. ಮೊಮ್ಮಗ ಬೇಗ ಸಾಲೆ ಸೇರಲೆಂದು ಅಂಗಿಯ ಅಂಚಿನಲ್ಲಿ ಕಲ್ಲು ಹೊಲಿದು ತರುವ ಅಜ್ಜಿಯರಿದ್ದಾರೆ. ಅದಕ್ಕೇ ಶಹನಾಜ ಅಕ್ಕೋರು ಪ್ರತಿ ಮಗುವಿನ ಅಂಗಿ ಜಾಡಿಸಿ, ಕಿಸೆ ಹೊರಳಿಸಿ, ಬಾಯಿ ತೆರೆಸಿ ನೋಡುತ್ತಾರೆ. ಹಗುರವಾದ ಮಗುವನ್ನು ಭಾರ ಮಾಡುವ ಮೋಸಗಳೆಲ್ಲ ಅವರಿಗೆ ಗೊತ್ತು. ಇನ್ನೊಂದು ಬಗೆಯ ಮೋಸ ಇರಬಹುದೆಂದು ಈ ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನಮ್ಮ ಮಗಳು ಹೊನ್ನವ್ವ. ಹೊನ್ನಿ. ಅವಳು ಹುಟ್ಟಿದಾಗ ಉಡದಾರಕ್ಕೆ ದಾರ ಕಟ್ಟಿದವನು ಬಸಲಿಂಗ. ನನಗೆ ಗಂಟು ಕಲಿಸಲು ನೋಡಿದ. ನನಗೆ ಬರಲಿಲ್ಲ. “ಇರಲಿ ಬಿಡು, ನನ್ನ ಗಂಟು ಬಿಚ್ಚಂಗಿಲ್ಲ” ಎಂದ. ನಮ್ಮದು ಹಿಟ್ಟಿನ ಗಿರಣಿ. ಬೆಳಗ್ಗೆ ಆತ ದಾರದ ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಗಿರಣಿಗೆ ಹೊರಡುತ್ತಿದ್ದ. ಮಗಳು ತಲೆಯ ಮೇಲೆ ತೇಲುತ್ತ ಓಣಿಯವರ ಮಾಳಿಗೆಯಲ್ಲಿ ಒಣಹಾಕಿದ ಸಂಡಿಗೆಗೆ ಕೈ ಚಾಚುತ್ತಿದ್ದಳು. ಆತ ಜೋಳ ಸುರಿಯುತ್ತಿದ್ದರೆ ಅವಳು ತಗಡಿನ ಕೆಳಗೆ ನಿದ್ದೆ ಹೋಗುತ್ತಿದ್ದಳು. ಮಧ್ಯಾಹ್ನ ಇಬ್ಬರೂ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಮನೆಗೆ ಬರುತ್ತಿದ್ದರು.

ಹೋದ ಮಳೆಗಾಲದಲ್ಲಿ ಆತನಿಗೆ ಜ್ವರ ಬಂತು. ದಸರೆಯ ಹೊತ್ತಿಗೆ ಆತ ಇರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಅಳು ಬರಲಿಲ್ಲ. ಬಂದ ಹೆಂಗಸರು ಅತ್ತೆಯ ಕಿವಿಯಲ್ಲಿ, “ಸೊಸಿ ಅಳವಲ್ಲಳಲ್ಲ” ಎಂದದ್ದು ಕೇಳಿಸಿತು. ಅತ್ತೆ ಮಗನ ಮಣಿಕಟ್ಟಿನಿಂದ ದಾರ ಬಿಚ್ಚಿ ನನ್ನ ಕೈಗೆ ಕಟ್ಟಿದರು. ಆಮೇಲೆ ನಾವಿಬ್ಬರೂ ಗಿರಣಿ ನಡೆಸಿದೆವು. ಜೋಳ ಸುರಿಯುವುದು ಅವರು, ತೂಗಿ ಕೊಡುವುದು ನಾನು. ಅವರು ಎಲೆ ಅಡಿಕೆ ಬಿಟ್ಟುಬಿಟ್ಟರು. ಸೊಂಟದ ಸಂಚಿಯನ್ನು ಮಾತ್ರ ಬಿಡಲಿಲ್ಲ. ನಾನು ಏನನ್ನು ಬಿಟ್ಟೆ, ಏನನ್ನು ಉಳಿಸಿಕೊಂಡೆ ಎಂದು ಗೊತ್ತಾಗಲಿಲ್ಲ. ಊಟ ಮಾಡಿದರೆ ರುಚಿ ಇರುತ್ತಿರಲಿಲ್ಲ, ಬಿಟ್ಟರೆ ಹಸಿವು ಇರುತ್ತಿರಲಿಲ್ಲ. ಮಾಳಿಗೆ ಹತ್ತಿದರೆ ದಣಿವಾಗುತ್ತಿರಲಿಲ್ಲ. ಹೊಸ ಚಪ್ಪಲಿ ಹೊಸದಾಗಿಯೇ ಉಳಿಯಿತು. ದುಃಖವೆಂದರೆ ಭಾರ ಎಂದು ಕೇಳಿದ್ದೆ. ನನಗೆ ಹಾಗೇನೂ ಅನಿಸಲಿಲ್ಲ. ದಿನದಲ್ಲಿ ನನಗೆ ತಿಳಿಯುತ್ತಿದ್ದದ್ದು ಒಂದೇ, ಮಣಿಕಟ್ಟಿನಲ್ಲಿ ಆ ದಾರದ ಸೆಳೆತ.

ಹೊನ್ನಿ ಆಗಲೇ ತೊಲೆಯಿಂದ ಇಳಿದಿದ್ದಳು. ತುದಿಗಾಲಿನಲ್ಲಿ ತೂಗಾಡುತ್ತ ನನ್ನ ಪಕ್ಕದಲ್ಲೇ ಇರುತ್ತಿದ್ದಳು. ದಾರ ಇದ್ದರೂ ಒಂದು ಕೈಯಿಂದ ನನ್ನ ಸೆರಗು ಹಿಡಿದಿರುತ್ತಿದ್ದಳು. ಹೊರಗೆ ಗಾಳಿ ಬೀಸಿದರೆ ಎರಡೂ ಕೈ. ಅಪ್ಪನಿಲ್ಲದ ಕೂಸು, ಹೆದರುತ್ತದೆ ಎಂದುಕೊಂಡೆ. ಮಧ್ಯಾಹ್ನ ಹೊರಸಿನ ಮೇಲೆ ಒರಗಿ ಎದ್ದಾಗ ಕೆಲವು ಸಲ ದಾರ ನನ್ನ ಕಾಲಿಗೂ ಹೊರಸಿನ ಕಾಲಿಗೂ ಸುತ್ತಿಕೊಂಡಿರುತ್ತಿತ್ತು. “ದಾರದ ಕೂಡ ಆಟ ಆಡಬ್ಯಾಡ” ಎಂದು ಗದರಿಸುತ್ತಿದ್ದೆ. ಅವಳು ತಲೆ ತಗ್ಗಿಸಿ ಬಿಚ್ಚುತ್ತಿದ್ದಳು.

ಕಾರಹುಣ್ಣಿಮೆ ಮುಗಿದ ಮೇಲೆ ಶಹನಾಜ ಅಕ್ಕೋರು ಜೋಳ ಬೀಸಿಸಲು ಬಂದರು. ಡಬ್ಬಿ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

“ಹೊನ್ನವ್ವನ್ನ ಈ ಸಲ ಕರ್ಕೊಂಡು ಬರ್ತೀ ಹೌದಿಲ್ಲೋ, ಕಸ್ತೂರಿ?”

“ಇನ್ನಾ ತುದಿಗಾಲ ಮ್ಯಾಲೆ ಅದಾಳ್ರೀ ಅಕ್ಕೋರ. ಮುಂದಿನ ವರ್ಷ ನೋಡೂಣು.”

“ಮುಂದಿನ ವರ್ಷ, ಮುಂದಿನ ವರ್ಷ ಅಂತ ನಾಗಪ್ಪನ ಅವ್ವನೂ ಅಂತಿದ್ಲು.”

ನಾಗಪ್ಪ ಯಾರೆಂದು ಊರಿಗೆಲ್ಲ ಗೊತ್ತು. ಹಾಲುಹಲ್ಲು ಬೀಳುವುದರೊಳಗೆ ದಾರ ಬಿಚ್ಚದಿದ್ದರೆ ಮಗು ದಾರಕ್ಕೇ ಒಗ್ಗಿಬಿಡುತ್ತದೆ ಎನ್ನುತ್ತಾರೆ. ನಾಗಪ್ಪ ಈಗ ಮೀಸೆ ನರೆತ ಮನುಷ್ಯ, ಜೋಳದ ಚೀಲದಷ್ಟು ಭಾರ. ಸೊಂಟದಲ್ಲಿ ದಾರ ಇನ್ನೂ ಇದೆ. ಅವ್ವ ತೀರಿದ ಮೇಲೆ ಅದರ ಇನ್ನೊಂದು ತುದಿಯನ್ನು ತಾನೇ ಕೈಯಲ್ಲಿ ಹಿಡಿದುಕೊಂಡು ತಿರುಗುತ್ತಾನೆ. ಹೊನ್ನಿಯ ಮುಂದಿನ ಹಲ್ಲೊಂದು ಆಗಲೇ ಅಲುಗಾಡುತ್ತಿತ್ತು.

“ಹಂಗ ಬಿಡಿಸಿ ಹೇಳ್ರೀ ಅಕ್ಕೋರ” ಎಂದರು ಅತ್ತೆ, ಗಿರಣಿಯ ಸಪ್ಪಳದ ಮೇಲೆ. “ನಾ ಹೇಳಿದ್ರ ಅಕಿಗೆ ಗಿರಣಿ ಸಪ್ಪಳದಾಗ ಕೇಳಂಗಿಲ್ಲ. ಮನಿಯಾಗ ಹೇಳಿದ್ರ ಗಿರಣಿ ಸಪ್ಪಳ ಇನ್ನಾ ಕಿವಿಯಾಗ ಐತಿ ಅಂತಾಳ.”

“ನಿನಗೇನು ಅನಸ್ತೈತಿ, ಹೊನ್ನವ್ವ? ಸಾಲಿಗೆ ಬರ್ತೀಯಿಲ್ಲೋ?” ಅಕ್ಕೋರು ಬಗ್ಗಿ ಕೇಳಿದರು.

ಹೊನ್ನಿ ನನ್ನ ಸೆರಗು ಬಿಗಿಯಾಗಿ ಹಿಡಿದಳು. ಹಿಮ್ಮಡಿ ಎತ್ತಿ ಒಂದಿಷ್ಟು ತೂಗಿದಳು. “ನಾ ಇನ್ನಾ ಹಗೂರ ಅದೀನ್ರೀ” ಎಂದಳು.

ಆ ದಿನ ಮನೆಯಲ್ಲಿ ರೊಟ್ಟಿ ಬಡಿಯುತ್ತ ಅತ್ತೆ ಮತ್ತೆ ಅದೇ ಮಾತು ತೆಗೆದರು. ನಾನು ಸಾಲೆಯ ಅಂಗಳಕ್ಕೆ ಗೋಡೆಯಿಲ್ಲ ಎಂದೆ. ಗಾಳಿ ಈ ವರ್ಷ ಜೋರು ಎಂದೆ. ಮನೆಯಲ್ಲೇ ಅಕ್ಷರ ಕಲಿಸುತ್ತೇನೆ, ನಾನೇನು ಓದಿಲ್ಲವೇ ಎಂದೆ. ಅವರು ರೊಟ್ಟಿ ತಿರುವಿ ಹಾಕಿದರು.

“ಅಕ್ಷರ ನೀ ಕಲಸ್ತೀ. ಜಗಳಾಡೂದು ಯಾರು ಕಲಸ್ತಾರ? ಓಡೂದು? ಬಿದ್ದು ತಾನ ಏಳೂದು? ಆ ದಾರ ಕೂಸಿಗೆ ಬೇಕಾಗಿಲ್ಲ ಕಸ್ತೂರಿ. ನಿನ್ನ ಕೈಗೆ ಬೇಕಾಗೇತಿ.”

 ಅದು ಸುಳ್ಳಾಗಿರಲಿಲ್ಲ. ಸೊಂಟದ ಬಳಿಯ ಆ ಗಂಟು ಬಸಲಿಂಗ ಹಾಕಿದ್ದು. ಆತ ಮಾಡಿದ ಕೆಲಸಗಳಲ್ಲಿ ಇನ್ನೂ ಹಾಗೇ ಉಳಿದದ್ದು ಅದೊಂದೇ. ದಿನವೂ ಹೊನ್ನಿಗೆ ಸ್ನಾನ ಮಾಡಿಸುವಾಗ ಅದರ ಮೇಲೆ ಬೆರಳಾಡಿಸುತ್ತಿದ್ದೆ. ಅದನ್ನು ಬಿಚ್ಚಿ ಕೈಗೆ ಒಂದು ಸಾದಾ ದಾರ ಕೊಟ್ಟರೆ ನಾನು ಅದನ್ನು ಏನು ಮಾಡಬೇಕು?

ಆದರೂ ಗಾಳಿ ಎದ್ದ ದಿನ ಅತ್ತೆಯ ಮಾತು ಮೀರಲಾಗದೆ ಹೋದೆವು. ದಿಬ್ಬದ ಮೇಲೆ ಜಾತ್ರೆಯಷ್ಟು ಮಂದಿ. ನಮಗಿಂತ ಮುಂದೆ ಓಣಿಯ ಈರವ್ವನ ಮೊಮ್ಮಗ ಗುಂಡ್ಯಾ ನಿಂತಿದ್ದ. ಅಕ್ಕೋರು ಅವನ ಚಡ್ಡಿಯ ಕಿಸೆ ಹೊರಳಿಸಿದರು. ಹಳ್ಳುಗಳು ಪಟಪಟ ಉದುರಿದವು.

“ಏನಬೇ ಈರವ್ವಾ, ಹುಡುಗನ ಕಿಸೇದಾಗ ಹಳ್ಳಾನ ತುಂಬಿ ತಂದೀಯಲ್ಲ!”

“ಅವು ಅಂವ ಆಡೂ ಹಳ್ಳರೀ ಅಕ್ಕೋರ. ಬಿಟ್ಟು ಬಾ ಅಂದ್ರ ಅಳ್ತಾನ.”

“ಮತ್ತ ಈ ಟೊಪಗಿ ಒಳಗ ಇರೂದು?”

“ಅದು… ಅದರ ಕೂಡನೂ ಆಡ್ತಾನ.”

ಎಲ್ಲರೂ ನಕ್ಕರು. ಹಳ್ಳು ತೆಗೆದ ಮೇಲೂ ಗುಂಡ್ಯಾ ಗಟ್ಟಿಯಾಗಿಯೇ ನಿಂತ. “ನಿಂತ!” ಎಂದು ಹೆಂಗಸರು ಕೂಗಿದರು. ಈರವ್ವ ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟಳು.

ಹೊನ್ನಿಯ ಸರದಿ ಬಂತು. ಅಕ್ಕೋರು ಲಂಗದ ಅಂಚು ಹಿಂಡಿ ನೋಡಿದರು. ಏನೂ ಇರಲಿಲ್ಲ. ನನ್ನ ಕೈಯಿಂದ ದಾರ ತೆಗೆದುಕೊಂಡು ಸಡಿಲ ಬಿಟ್ಟರು. ಹೊನ್ನಿ ನನ್ನ ಕಡೆ ಒಮ್ಮೆ ನೋಡಿದಳು, ಮುಖವನ್ನಲ್ಲ, ಕಾಲನ್ನು. ನಾನು ಆಸರೆಗೆ ಅತ್ತೆಯ ಕೈ ಹಿಡಿದಿದ್ದೆ. ಗಾಳಿ ಬಂತು. ಹೊನ್ನಿ ಹಿಮ್ಮಡಿ ಎತ್ತಿ, ಎರಡೂ ಕೈ ಅಗಲಿಸಿ, ಕಣ್ಣು ಮೇಲೆ ಮಾಡಿ ವಾಲಿದಳು. ಹತ್ತು ಕೈಗಳು ಅವಳನ್ನು ಹಿಡಿದವು. “ಇನ್ನಾ ಹಗೂರ, ಇನ್ನಾ ಹಗೂರ” ಎಂದರು. ಗಂಟೆ ಹೊಡೆಯಲಿಲ್ಲ. ಗಂಟು ಬಿಚ್ಚಲಿಲ್ಲ. ನನಗೆ ಎಷ್ಟೋ ತಿಂಗಳ ಮೇಲೆ ಸಮಾಧಾನದಂಥದ್ದು ಏನೋ ಆಯಿತು.

“ಆಷಾಢ ಮುಗಿಯೂತನಕ ಗಾಳಿ ಐತಿ. ಮತ್ತೊಮ್ಮೆ ಬಾ” ಎಂದರು ಅಕ್ಕೋರು.   ದಾರಿಯಲ್ಲಿ ಅತ್ತೆ ತಮ್ಮ ಕೈಯನ್ನು ತೆರೆದು ನೋಡಿಕೊಂಡರು, ನಾನು ಹಿಡಿದಿದ್ದ ಕೈಯನ್ನು. ನೋಡಿ ಮತ್ತೆ ಮುಚ್ಚಿದರು.

ಮರುದಿನ ನಾನೂ ಹೊನ್ನಿಯೂ ಗಿರಣಿಗೆ ಸ್ವಲ್ಪ ಮುಂಚೆ ಹೋದೆವು. ಹಿಂದಿನ ಸಂಜೆ ಕಸ ಹೊಡೆಯದೆ ಬಾಗಿಲು ಹಾಕಿದ್ದೆವು. ನೆಲದ ಮೇಲೆ ಹಿಟ್ಟು ತೆಳ್ಳಗೆ ಕೂತಿತ್ತು. ನಾನು ಒಳಗೆ ಹೋಗಿ ಕಿಟಕಿ ತೆರೆದೆ, ಯಂತ್ರದ ಪಟ್ಟಾ ಏರಿಸಿದೆ. ಅತ್ತೆ ಕಸಬರಿಗೆ ಹಿಡಿದು ಬಾಗಿಲಿಗೆ ಬಂದವರು ಅಲ್ಲೇ ನಿಂತರು.

“ಕಸ್ತೂರಿ. ಇಲ್ಲಿ ಬಾ.”

ಬಾಗಿಲಿನಿಂದ ಕಿಟಕಿಯವರೆಗೆ, ಕಿಟಕಿಯಿಂದ ಯಂತ್ರದವರೆಗೆ ಹಿಟ್ಟಿನಲ್ಲಿ ಪುಟ್ಟ ಹೆಜ್ಜೆಗಳು ಮೂಡಿದ್ದವು. ಬೆರಳು, ಪಾದ, ಹಿಮ್ಮಡಿ, ಎಲ್ಲ ಪೂರ್ತಿ. ಗೌರಿ ಹಬ್ಬಕ್ಕೆ ಬರೆದ ಹೆಜ್ಜೆಯಂತೆ.

“ಹಿಮ್ಮಡಿ ನೋಡು ಕೂಸಿಂದು. ಇದು ಹಗೂರ ಇರೂ ಕೂಸಿನ ಹೆಜ್ಜಿಯೇನು?”

ಹೊನ್ನಿ ಒಂದು ಪಾದದ ಮೇಲೆ ಇನ್ನೊಂದನ್ನು ಇಟ್ಟು ಬಚ್ಚಿಡಲು ನೋಡಿದಳು. ನನಗೆ ಬೇಜಾರಾಯಿತು. ಇನ್ನು ನೆಪವಿಲ್ಲ. “ಹೌದು ಅತ್ತಿ, ಭಾರ ಆಗ್ಯಾಳ” ಎಂದೆ.

“ಆಗ್ಯಾಳ. ನಿನ್ನವು ಎಲ್ಲ್ಯಾವ?”

ನನಗೆ ಅರ್ಥವಾಗಲಿಲ್ಲ. ಹಿಂತಿರುಗಿ ನೋಡಿದೆ. ಬಾಗಿಲಿನಿಂದ ಕಿಟಕಿಯವರೆಗೆ, ಕಿಟಕಿಯಿಂದ ಯಂತ್ರದವರೆಗೆ ನಾನೂ ನಡೆದಿದ್ದೆ. ಪುಟ್ಟ ಹೆಜ್ಜೆಗಳ ಪಕ್ಕದಲ್ಲಿ ಹಿಟ್ಟು ಹೇಗೆ ಕೂತಿತ್ತೋ ಹಾಗೇ ಇತ್ತು.

“ನೆಲ ಥಂಡಿ ಹಿಡದು ಹಿಟ್ಟು ಗಟ್ಟಿ ಆಗಿರಬೇಕ್ರೀ” ಎಂದೆ. ಭೌತಶಾಸ್ತ್ರ ಓದಿದ ನನಗೆ ಹೊಳೆದದ್ದು ಇಷ್ಟೇ.

ಅತ್ತೆ ವಾದಿಸಲಿಲ್ಲ. ಮೂಲೆಯಲ್ಲಿ ಜೋಳದ ಚೀಲ ತೂಗುವ ಕಾಟಾ ಇದೆ, ನಿಂತು ತೂಗುವಷ್ಟು ಅಗಲದ್ದು. ಹೊನ್ನಿಯನ್ನು ಅದರ ಮೇಲೆ ನಿಲ್ಲಿಸಿದರು. ಮುಳ್ಳು ತಿರುಗಿ ನಿಂತಿತು. ಅಷ್ಟು ದೂರ ತಿರುಗೀತೆಂದು ನಾನು ಎಣಿಸಿರಲಿಲ್ಲ. ಆಮೇಲೆ ಅವರು, “ಇನ್ನ ನಿಮ್ಮವ್ವನ್ನ ಎತ್ತಕೋ” ಎಂದರು.

ಹೊನ್ನಿ ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಬಗ್ಗಿ, ನನ್ನ ಮೊಣಕಾಲುಗಳನ್ನು ಎರಡೂ ಕೈಯಿಂದ ತಬ್ಬಿ, ತಲೆದಿಂಬು ಎತ್ತುವಂತೆ ಎತ್ತಿಕೊಂಡಳು. ಅವಳಿಗೆ ಅದು ರೂಢಿಯಾದಂತೆ ಕಂಡಿತು. ಕಾಟಾದ ಮುಳ್ಳು ಹಿಂದಕ್ಕೆ ಸರಿಯಿತು. ಅವಳೊಬ್ಬಳೇ ನಿಂತಾಗ ಇದ್ದುದಕ್ಕಿಂತ ಕಡಿಮೆಗೆ ಬಂದು ನಿಂತಿತು.

 ಹೊನ್ನಿಯ ಮುಖ ನನ್ನ ಸೀರೆಯಲ್ಲಿ ಹುದುಗಿತ್ತು. ಅಲ್ಲಿಂದಲೇ ಅಳುತ್ತ ಅಜ್ಜಿಗೆ ಹೇಳಿದಳು.

“ನಾ ಸಾಲಿಗೆ ಹೋಗೂದಿಲ್ಲ ಆಯಿ. ನಾ ಹೋದ್ರ ಅವ್ವ ಮ್ಯಾಲೆ ಹೋಗ್ತಾಳ. ಅಪ್ಪನಂಗ.”

ಅತ್ತೆ ಅವಳನ್ನು ಕೆಳಗಿಳಿಸಿಕೊಂಡು ಕೇಳಿದರು. ಹೊನ್ನಿ ಬಿಕ್ಕುತ್ತ ಎಲ್ಲ ಹೇಳಿದಳು. ಅಪ್ಪನನ್ನು ಒಯ್ದು ಬಂದ ದಿನ ಅವ್ವ ನೀರಿನ ಕೊಡದ ಮುಂದೆ ನಿಂತಿದ್ದಳಂತೆ. ಅವಳ ಹಿಮ್ಮಡಿಯ ಕೆಳಗೆ ಬೆರಳು ಹೋಗುವಷ್ಟು ಸಂದಿ ಇತ್ತಂತೆ. ಆಮೇಲೆ ಹೊನ್ನಿ ದಿನವೂ ಬೆರಳಿಟ್ಟು ನೋಡುತ್ತಿದ್ದಳಂತೆ. ಒಮ್ಮೊಮ್ಮೆ ಇಡೀ ಕೈ ಹೋಗುತ್ತಿತ್ತಂತೆ. ಅವ್ವ ಮಲಗಿದರೆ ಹೊರಸಿನ ಕಾಲಿಗೆ ಕಟ್ಟುತ್ತಿದ್ದಳಂತೆ. ಗಾಳಿ ಬಂದರೆ ಎರಡೂ ಕೈಯಿಂದ ಸೆರಗು ಎಳೆದು ಹಿಡಿಯುತ್ತಿದ್ದಳಂತೆ. “ಅವ್ವಗ ಹೇಳಿದ್ರ ಹೆದರ್ತಾಳಂತ ಹೇಳಲಿಲ್ಲ” ಎಂದಳು.

ನನ್ನ ಮಣಿಕಟ್ಟಿನ ದಾರ ನೋಡಿದೆ. ಅದಕ್ಕೆ ಎರಡು ತುದಿ ಇವೆ ಎಂದು ನನಗೆ ಗೊತ್ತಿತ್ತು. ಯಾವ ತುದಿಯಲ್ಲಿ ಯಾರಿದ್ದಾರೆ ಎಂದು ಗೊತ್ತಿರಲಿಲ್ಲ.

ಅತ್ತೆ ಸೊಂಟದಿಂದ ಸಂಚಿ ತೆಗೆದರು. ಬಾಯಿ ಬಿಚ್ಚಿ ನನ್ನ ಅಂಗೈ ಮೇಲೆ ಹೊರಳಿಸಿದರು. ಎಲೆಯಿಲ್ಲ, ಅಡಿಕೆಯಿಲ್ಲ. ಕಬ್ಬಿಣದ ಒಂದು ತೂಕದ ಕಲ್ಲು, ಹಿಡಿದು ಹಿಡಿದು ನುಣ್ಣಗಾದದ್ದು.

“ಹೋದಾಂವ ನಿನಗ ಗಂಡ. ನನಗ ಕೂಸು ಅಲ್ಲೇನ?” ಎಂದರು. ಅವರ ಹಿಮ್ಮಡಿ ನೆಲದಿಂದ ಮೆಲ್ಲಗೆ ಎದ್ದಿತು. ಬಾಗಿಲ ಚೌಕಟ್ಟಿನ ಬಳೆಯನ್ನು ಹಿಡಿದುಕೊಂಡರು. ನಾನು ಗಡಬಡಿಸಿ ಕಲ್ಲನ್ನು ಸಂಚಿಗೆ ಹಾಕಿ ಅವರ ಸೊಂಟಕ್ಕೆ ಸಿಕ್ಕಿಸಿದೆ. ಅವರು ಇಳಿದರು.

“ಮೊದಲ ದೊಡ್ಡದ ಇಟ್ಟಿದ್ದೆ. ಈಗ ಸಣ್ಣದಕ್ಕ ಬಂದೀನಿ. ನಿನ್ನ ಕೈಗೆ ದಾರ ಕಟ್ಟಿದ್ದೆ, ಕೂಸಿನ ಜೋಡಿ ನೀನೂ ನಿಲ್ತೀ ಅನಕೊಂಡೆ. ನಿನ್ನಿ ನೀ ನನ್ನ ಕೈ ಹಿಡಿದಾಗ ಗೊತ್ತಾತು. ಕೈಯಾಗ ಏನೂ ಇಲ್ಲದಂಗ ಇತ್ತು.”

“ಯಾಕ ಹೇಳಲಿಲ್ಲ ಅತ್ತಿ, ನಿಮ್ಮದು?”

“ನೀ ಎಲ್ಲಿ ಕೇಳಿದಿ?” ಎಂದರು. ಗದರಿಕೆ ಇರಲಿಲ್ಲ.

ಕಾಟಾ ಬರುವ ಮೊದಲು ತಕ್ಕಡಿ ಇದ್ದ ಕಾಲದ ತೂಕದ ಕಲ್ಲುಗಳು ಒಂದು ಗೋಣಿಯಲ್ಲಿ ಬಿದ್ದಿದ್ದವು. ಅತ್ತೆ ಗೋಣಿ ಎಳೆದುಕೊಂಡು ಕೂತರು.

“ಉಡಿ ಒಡ್ಡು.”

 ಈ ಮನೆಗೆ ಬಂದ ದಿನ ಅವರೇ ನನಗೆ ಉಡಿ ತುಂಬಿದ್ದರು, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ. ದಸರೆಯ ನಂತರ ಯಾವ ಮನೆಯಲ್ಲೂ ನನ್ನನ್ನು ಯಾರೂ ಅದಕ್ಕೆ ಕರೆದಿರಲಿಲ್ಲ.

“ನನಗ ಉಡಿ ತುಂಬಬಾರದಲ್ರೀ ಅತ್ತಿ.”

“ಅಕ್ಕಿ ತುಂಬಬಾರದು ಅಂತ ಹೇಳ್ಯಾರ. ಕಲ್ಲಿನ ಸುದ್ದಿ ಯಾರೂ ಎತ್ತಿಲ್ಲ. ಒಡ್ಡು.”

ಸೆರಗು ಒಡ್ಡಿದೆ. ಅವರು ಒಂದೊಂದೇ ಕಲ್ಲನ್ನು ಒರೆಸಿ, ಹಣೆಗೆ ಮುಟ್ಟಿಸಿ, ಎರಡೂ ಕೈಯಿಂದ ಉಡಿಯಲ್ಲಿ ಇಟ್ಟರು. ಪ್ರತಿ ಕಲ್ಲಿಗೂ ನಾನು ಸ್ವಲ್ಪ ಇಳಿದೆ. ಕೊನೆಯದನ್ನು ಇಟ್ಟು ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿದರು. ಆಗ ನನ್ನ ಹಿಮ್ಮಡಿ ನೆಲಕ್ಕೆ ತಾಗಿತು. ತಣ್ಣಗಿತ್ತು. ಮರುಗಳಿಗೆ ನೋವು ಶುರುವಾಯಿತು, ಹಿಮ್ಮಡಿಯಿಂದ ಮೊಣಕಾಲಿಗೆ, ಅಲ್ಲಿ ನಿಲ್ಲದೆ ಇನ್ನೂ ಮೇಲಕ್ಕೆ. ಬಹಳ ದಿನ ನಡೆಯದ ಕಾಲು ನೋಯುವಂತೆ ಎಲ್ಲವೂ ನೋಯತೊಡಗಿತು. ಗೋಡೆಗೆ ಆತು ಕೂತೆ. ಬಾಯಿಂದ ಬಂದ ಸದ್ದು ನನ್ನದೆಂದು ಮೊದಲು ತಿಳಿಯಲಿಲ್ಲ. ಬೀಸಿಸಲು ಬಂದವರು ಡಬ್ಬಿ ಹಿಡಿದು ಹೊರಗೇ ನಿಂತರು. ಅತ್ತೆ ಅವರಿಗೆ, “ಈಗ ಕರೆಂಟ್ ಇಲ್ಲ, ಆಮ್ಯಾಲೆ ಬರ್ರಿ” ಎಂದರು. ತಲೆಯ ಮೇಲೆ ದೀಪ ಉರಿಯುತ್ತಿತ್ತು.

ಅಳು ನಿಂತ ಮೇಲೆ ಎದ್ದು ನಿಂತೆ. ಹೊನ್ನಿ ನೆಲದ ಮೇಲೆ ಕೂತು ನನ್ನ ಹಿಮ್ಮಡಿಯ ಕೆಳಗೆ ಬೆರಳು ತೂರಿಸಲು ನೋಡಿದಳು. ಆ ಕಡೆಯಿಂದ, ಈ ಕಡೆಯಿಂದ.

“ಹೋಗವಲ್ದು!” ಎಂದಳು.

“ಇನ್ನ ಸಾಲಿಗೆ ಹೋಗ್ತೀಯೇನ?”

ಅವಳು ವಿಚಾರ ಮಾಡಿದಳು. “ಹೋಗ್ತೀನಿ. ಆದರ ನಾ ಇಲ್ಲದಾಗ ಕಲ್ಲು ತೆಗೀಬಾರದು. ಬಾವಿ ಕಡೆ ಗಾಳಿ ಭಾಳ ಇರ್ತೈತಿ, ಅಲ್ಲಿ ಆಯಿ ಕೈ ಹಿಡಕೋಬೇಕು.”

“ಹೂಂ.”

“ಸುಳ್ಳ ಹೂಂ ಅನಬಾರದು.”

“ಇಲ್ಲ.”

ಆಷಾಢದ ಕೊನೆಯ ಗಾಳಿಗೆ ಮತ್ತೆ ದಿಬ್ಬ ಹತ್ತಿದೆವು. ನಾನು ಎರಡು ಸಲ ಕೂತು ದಣಿವಾರಿಸಿಕೊಂಡೆ. ಈ ಸಲ ಮಂದಿ ಕಡಿಮೆ. ಅಕ್ಕೋರು ಹೊನ್ನಿಯ ಲಂಗ ಜಾಡಿಸಿದರು. ಆಮೇಲೆ ಅವರ ಕಣ್ಣು ನನ್ನ ಉಡಿಯ ಮೇಲೆ ಬಿತ್ತು. ಅದರ ಆಕಾರ ನೋಡಿದರು, ಅತ್ತೆಯ ಸಂಚಿ ನೋಡಿದರು.  ನನ್ನ ಹೆಗಲ ಮೇಲೆ ಒಂದು ಗಳಿಗೆ ಕೈ ಇಟ್ಟು ತೆಗೆದರು.

ದಾರ ಸಡಿಲ ಬಿಟ್ಟರು. ಹೊನ್ನಿ ನಿಂತಳು. ಅಕ್ಕೋರು ಬಗ್ಗಿ ಗಂಟಿಗೆ ಕೈ ಹಾಕಿದರು. ಬರಲಿಲ್ಲ. ಉಗುರು ಹಾಕಿದರು. ಬರಲಿಲ್ಲ.

“ಯಾರು ಹಾಕಿದ ಗಂಟಬೇ ಇದು?”

“ಬಸಲಿಂಗ” ಎಂದೆ. ಆ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟೋ ದಿನವಾಗಿತ್ತು.

ಅಕ್ಕೋರು ಸೊಂಟ ನೆಟ್ಟಗೆ ಮಾಡಿದರು. “ಅಂವನ ದಾರಾನೂ ನಾನ ಬಿಚ್ಚಿದ್ದೆ, ಇದ ಕಲ್ಲಿನ ಮ್ಯಾಲೆ. ಅದು ಅವರಪ್ಪ ಹಾಕಿದ್ದು. ಇಷ್ಟ ಬಿಗಿ ಇತ್ತು. ಆವಾಗ ನನ್ನ ಉಗುರು ಗಟ್ಟಿ ಇದ್ವು.” ಪಕ್ಕಕ್ಕೆ ಸರಿದರು. “ನೀನ ಬಿಚ್ಚು.”

ಹಾಗೆ ಮಾಡುವ ರೂಢಿಯಿಲ್ಲ. ಯಾರೂ ಬೇಡ ಎನ್ನಲಿಲ್ಲ. ನಾನು ಉಡಿಯ ಕಲ್ಲುಗಳನ್ನು ಒತ್ತಿಕೊಂಡು ಮೊಣಕಾಲೂರಿದೆ. ಹಿಟ್ಟು, ಬೆವರು, ಸ್ನಾನದ ನೀರು ಎಲ್ಲ ಸೇರಿ ಗಂಟು ಕಾಳಿನಂತಾಗಿತ್ತು. ಅದು ಯಾವ ಕಡೆಯಿಂದ ಎಲ್ಲಿ ಹೋಗಿದೆ ಎಂದು ಬೆರಳಿಗೆ ಗೊತ್ತಿತ್ತು. ಆತ ಕಲಿಸಿದಾಗ ಹಾಕಲು ಬಂದಿರಲಿಲ್ಲ. ಬಿಚ್ಚುತ್ತ ಬಿಚ್ಚುತ್ತ, ಆತ ಹೇಗೆ ಹಾಕಿದ್ದನೆಂದು ತಿಳಿಯಿತು. ಮೊದಲು ಒಂದು ಸುತ್ತು, ಆಮೇಲೆ ಕೆಳಗಿನಿಂದ. ಕೊನೆಯ ಎಳೆಯನ್ನು ಹಲ್ಲಿನಿಂದ ಕಚ್ಚಿ ಎಳೆದೆ. ದಾರ ಕಳಚಿ ನನ್ನ ಕೈಗೆ ಬಿತ್ತು.

ಅಕ್ಕೋರು ಗಂಟೆ ಹೊಡೆದರು. ಗಾಳಿ ಹೊನ್ನಿಯ ಲಂಗವನ್ನು ತುಂಬಿತು, ಜಡೆಯನ್ನು ಎತ್ತಿತು. ಅವಳು ಆಕಾಶ ನೋಡಲಿಲ್ಲ, ದೋಟಿಗಳನ್ನು ನೋಡಲಿಲ್ಲ. ಕುತ್ತಿಗೆ ಬಗ್ಗಿಸಿ ನನ್ನ ಹಿಮ್ಮಡಿಗಳನ್ನೇ ನೋಡುತ್ತಿದ್ದಳು. ನಾನು ಅವನ್ನು ನೆಲಕ್ಕೆ ಒತ್ತಿ ನಿಂತೆ. ನಾದ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಅಡಗಿತು.

“ನಿಂತ್ಳು!” ಎಂದರು ಹೆಂಗಸರು. ಅತ್ತೆ, “ಇಬ್ಬರೂ ನಿಂತ್ರು” ಎಂದು ತಮಗೆ ತಾವೇ ಹೇಳಿಕೊಂಡರು.

ಹೊನ್ನಿ ಒಳಗೆ ಹೋದಳು. ನಾನು ದಾರವನ್ನು ಸುತ್ತಿ ಉಡಿಯಲ್ಲಿ ಕಲ್ಲುಗಳ ಜೊತೆ ಇಟ್ಟೆ. ದಿಬ್ಬದ ಕೆಳಗೆ ನಾಗಪ್ಪ ತನ್ನ ದಾರದ ತುದಿ ಹಿಡಿದು ನಿಂತಿದ್ದ. ನನ್ನ ಬರಿಯ ಮಣಿಕಟ್ಟು ನೋಡಿದ. ಅಲ್ಲಿ ಚರ್ಮ ಬೆಳ್ಳಗಾಗಿತ್ತು.

“ಬಿಚ್ಚಿದ್ರ ನೋಯ್ತೈತೇನಕ್ಕಾ?” ಎಂದು ಕೇಳಿದ.

“ನೋಯ್ತೈತಿ” ಎಂದೆ.

ಆತ ತಲೆಯಾಡಿಸಿದ. ತನ್ನ ದಾರದ ತುದಿಯನ್ನು ಇನ್ನೊಂದು ಸುತ್ತು ಸುತ್ತಿಕೊಂಡು, ಬಾವಿಯ ಕಡೆಯ ಗಾಳಿ ದಾಟುವವರೆಗೆ ನಮ್ಮ ಜೊತೆ ಬಂದ.

ಸಂಜೆ ಸಾಲೆ ಬಿಡುವ ಹೊತ್ತಿಗೆ ಮತ್ತೆ ದಿಬ್ಬ ಹತ್ತಿದೆ. ಮಕ್ಕಳು ಹೋ ಎಂದು ಹೊರಗೆ ಬಂದವು. ಹೊನ್ನಿ ಎಲ್ಲರನ್ನೂ ನೂಕಿಕೊಂಡು ಓಡಿ ಬಂದು ನನ್ನ ಮುಂದೆ ಕುಕ್ಕರಿಸಿದಳು, ಹಿಮ್ಮಡಿಯ ಕೆಳಗೆ ಬೆರಳಿಟ್ಟು ನೋಡಿದಳು. ಬೆರಳಿಗೆ ಸೀಮೆಸುಣ್ಣ ಹತ್ತಿತ್ತು. ಮುಂದಿನ ಹಲ್ಲು ಇರಲಿಲ್ಲ. ಎಲ್ಲಿ ಹೋಯಿತು ಎಂದು ಕೇಳುವಷ್ಟರಲ್ಲಿ ಗುಂಡ್ಯಾ ಆ ಕಡೆಯಿಂದ, “ಬರ್ತೀಯಿಲ್ಲೋ?” ಎಂದು ಕೂಗಿದ.

“ಅವ್ವಾ, ನನಗ ಹಸಿವಾಗೇತಿ” ಎಂದಳು ಹೊನ್ನಿ.  ಅವಳು ಆಗಲೇ ಓಡಿದ್ದಳು. ಇಳಿಜಾರಿನಲ್ಲಿ ಹಿಮ್ಮಡಿಗಳು ಧಪಧಪ ಸದ್ದು ಮಾಡುತ್ತಿದ್ದವು. ತಿರುವಿನಲ್ಲಿ ನಿಂತು ನನ್ನ ಕಾಲು ನೋಡುತ್ತಾಳೆ ಎಂದು ನಾನು ಕಾದೆ.

ನೋಡಲಿಲ್ಲ. ನಾನು ನೋಯುವ ಕಾಲನ್ನು ಒಂದರ ಮುಂದೆ ಒಂದು ಇಡುತ್ತ, ಅವಳ ಹಿಂದೆ ಮನೆಗೆ ನಡೆದೆ.